ಕಾಲುಚೀಲ ಹಾಕಿದ ಬಾಟಲಿ, ಹೊರಸಿನ ಮೇಲಿನ ನಿದ್ದೆ: ಥಾರ್‌ನಲ್ಲಿ ಎರಡು ಸಲ ಸೈಕಲ್ ತುಳಿದು ಮಾಡಿದ ಹೋಲಿಕೆ

ನಾನು ತೀರ್ಥಹಳ್ಳಿ ಕಡೆಯವನು. ಜೂನ್ ಬಂತು ಅಂದರೆ ನಮ್ಮಲ್ಲಿ ನೀರನ್ನು ಓಡಿಸುವುದೇ ಕೆಲಸ. ಅಂಗಳದಿಂದ ಓಡಿಸು, ಕೊಟ್ಟಿಗೆಯಿಂದ ಓಡಿಸು, ತೋಟದ ಕಪ್ಪು, ಅಂದರೆ ನೀರಿಳಿಯುವ ಚರಂಡಿ, ಬಿಡಿಸಿ ಹಳ್ಳಕ್ಕೆ ಓಡಿಸು. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ರಾಜಸ್ಥಾನದ ಥಾರ್ ಮರುಭೂಮಿಯ ಜೈಸಲ್ಮೇರ್‌ನಲ್ಲಿ 200ರ ಆಸುಪಾಸು, ಅಷ್ಟೇ. ಅಂಥ ಕಡೆ ಸೈಕಲ್ ತಗೊಂಡು ಹೋಗ್ತೀನಿ ಅಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಸ್ನಾನಕ್ಕೆ ಏನು ಮಾಡ್ತೀಯ?"

ಹೆಚ್ಚು ದಿನ ಮಾಡಲಿಲ್ಲ, ಅಷ್ಟೇ.

ಜೊತೆಗೆ ಬಂದವರು ಭಾವ. ಅಕ್ಕನ ಗಂಡ, ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಮೇಷ್ಟ್ರು ಅಂತ ಯಾಕೆ ಹೇಳಿದೆ ಅಂದರೆ, ಅವರ ಹ್ಯಾಂಡಲ್ ಬ್ಯಾಗಿನಲ್ಲಿ ಪಂಕ್ಚರ್ ಕಿಟ್ ಇಲ್ಲದಿದ್ದರೂ ಥರ್ಮಾಮೀಟರ್ ಇತ್ತು. ಈ ಬರಹದಲ್ಲಿ ಬರುವ ಡಿಗ್ರಿ ಲೆಕ್ಕವೆಲ್ಲ ಅದರದ್ದೇ.

ಎರಡು ಸಲ ಹೋದೆವು. ಮೊದಲನೆಯದು ಡಿಸೆಂಬರ್ ಕೊನೆಗೆ. ಯಶವಂತಪುರದಿಂದ ಬಿಕಾನೇರ್ ರೈಲು, ಸೈಕಲ್ ಪಾರ್ಸೆಲ್. ಅಲ್ಲಿಂದ ಕೋಲಾಯತ್, ಬಾಪ್, ಫಲೋದಿ, ರಾಮದೇವ್ರಾ, ಪೋಖರಣ್, ಜೈಸಲ್ಮೇರ್, ಸಮ್ ಮರಳುದಿಬ್ಬ. ಹತ್ತಿರ ಹತ್ತಿರ 375 ಕಿಲೋಮೀಟರ್. ಎರಡನೆಯದು ಇನ್ನೊಂದು ವರ್ಷದ ಮಾರ್ಚ್ ಕೊನೆಗೆ. ಅದೇ ದಾರಿ, ಮೇಲೆ ಜೈಸಲ್ಮೇರ್‌ನಿಂದ ಬಾರ್ಮೇರ್‌ವರೆಗೆ ಇನ್ನೊಂದು 150 ಚಿಲ್ಲರೆ. ಅದೇ ರಸ್ತೆಗೆ ಯಾಕೆ ಮತ್ತೆ ಹೋದಿರಿ ಅಂತ ತುಂಬಾ ಜನ ಕೇಳಿದರು. ಮೊದಲ ಸಲ ನಮ್ಮ ಸಾಮಾನಿನಲ್ಲಿ ಅರ್ಧ ತಪ್ಪಿತ್ತು. ಅದು ನಿಜವಾಗಿ ತಪ್ಪಾ, ಇಲ್ಲ ಚಳಿಗಾಲಕ್ಕೆ ಮಾತ್ರ ತಪ್ಪಾ ಅಂತ ನೋಡಬೇಕಿತ್ತು. ಏಪ್ರಿಲ್ ದಾಟಿದ ಮೇಲೆ ಮಾತ್ರ ಯಾರೂ ಹೋಗಬೇಡಿ. ಇದೇ ಫಲೋದಿಯಲ್ಲಿ 2016ರ ಮೇ 19ಕ್ಕೆ 51 ಡಿಗ್ರಿ ದಾಖಲಾಗಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲಿನದೆಲ್ಲ ಅದರ ಮೇಲೇ ನಿಂತಿದೆ. ಹಗಲಿಗೆ ಎಷ್ಟು ನೀರು ಹೊರಬೇಕು ಅನ್ನುವುದು ಈ ದಾರಿಯಲ್ಲಿ ದೊಡ್ಡ ಪ್ರಶ್ನೆಯೇ ಅಲ್ಲ. 20-25 ಕಿಲೋಮೀಟರಿಗೊಂದು ಢಾಬಾನೋ, ಹಳ್ಳಿಯೋ, ಅರವಟ್ಟಿಗೆಯೋ ಸಿಗುತ್ತದೆ. ಭಾರ ಬರುವುದು ರಾತ್ರಿಯಿಂದ. ಮರಳಿನಲ್ಲಿ ಟೆಂಟ್ ಹಾಕಿ ಮಲಗ್ತೀವಿ ಅಂದರೆ ಸಂಜೆ ಕೊನೆಯ ಹಳ್ಳಿಯಲ್ಲಿ 5-6 ಲೀಟರ್ ಜಾಸ್ತಿ ತುಂಬಿಕೊಳ್ಳಬೇಕು. ಢಾಬಾದ ಹೊರಸಿನ, ಅಂದರೆ ಹಗ್ಗದ ಮಂಚದ, ಮೇಲೆ ಮಲಗಿದರೆ ಒಂದು ಲೋಟವೂ ಹೊರಬೇಕಾಗಿಲ್ಲ. ಎಲ್ಲಿ ಮಲಗುತ್ತೇವೆ ಅನ್ನುವುದರ ಮೇಲೆ ಎಷ್ಟು ಹೊರುತ್ತೇವೆ ಅನ್ನುವುದು ನಿಂತಿದೆ. ನಾವು ಊರಿನಲ್ಲಿ ಕೂತು ಪ್ಲಾನ್ ಮಾಡುವಾಗ ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಂಡಿದ್ದೆವು.

ನೀರು ಹೊರುವ ನಾಲ್ಕು ದಾರಿ

ಹೈಡ್ರೇಷನ್ ಬ್ಯಾಗ್ ನನ್ನದು. ಬೆನ್ನಿಗೆ ಹಾಕುವ ಚೀಲ, ಒಳಗೆ 3 ಲೀಟರಿನ ಮೆದು ಪ್ಲಾಸ್ಟಿಕ್ ಚೀಲ, ಅದರಿಂದ ಭುಜದ ಮೇಲೆ ಬರುವ ಕೊಳವೆ. ಒಂದು ಗುಣ ಒಪ್ಪಲೇಬೇಕು. ಬಾಯಿಯ ಹತ್ತಿರವೇ ಇರುವುದರಿಂದ ಆಗಾಗ ಒಂದೊಂದು ಗುಟುಕು ಕುಡಿಯುತ್ತಲೇ ಇರುತ್ತೀರಿ. ಬಾಟಲಿಯಾದರೆ ಎದುರಿಗೆ ಲಾರಿ ಬರ್ತಿದೆ, ಆಮೇಲೆ ಕುಡಿಯೋಣ ಅಂತ ಮುಂದಕ್ಕೆ ಹಾಕಿ ಹಾಕಿ ಒಂದು ಗಂಟೆ ಕಳೆದಿರುತ್ತದೆ.

ಆದರೆ ಎಷ್ಟು ಉಳಿದಿದೆ ಅಂತ ಕಾಣುವುದಿಲ್ಲ. ಬಾಪ್ ಇನ್ನೂ 8 ಕಿಲೋಮೀಟರ್ ಇದೆ ಅನ್ನುವಾಗ ಕೊಳವೆಯಲ್ಲಿ ಸೊರ್ರ್ ಅಂತ ಗಾಳಿ ಬಂತು. ನಾನು ಇನ್ನೂ ಒಂದು ಲೀಟರ್ ಇದೆ ಅಂದುಕೊಂಡಿದ್ದೆ. ಬೆನ್ನಿನ ಮೇಲಿನ 3 ಕೆಜಿ ಎರಡನೇ ದಿನದಿಂದ ಸೀಟಿನ ಮೇಲೆ ಕೂರುವ ಜಾಗಕ್ಕೆ ಇಳಿಯುತ್ತದೆ, ಸೈಕಲ್ ತುಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್‌ನಲ್ಲಂತೂ ಬೆನ್ನಿಗೆ ಗಾಳಿ ಆಡದೆ ಬೆವರು ಇಳಿದೇ ಇಳಿಯಿತು. ನೀರು ಹೊತ್ತುಕೊಂಡಿದ್ದಕ್ಕೇ ನೀರು ಕಳೆದುಕೊಂಡ ಹಾಗೆ. ಕೊಳವೆಯಲ್ಲಿ ನಿಂತ ಮೊದಲ ಗುಟುಕು ಚಹಾದಷ್ಟು ಬಿಸಿ. ಅದನ್ನು ಉಗಿದು ಆಮೇಲೆ ಕುಡಿಯುತ್ತಿದ್ದೆ. ನಿಂಬೆ, ಉಪ್ಪು, ಸಕ್ಕರೆ ಹಾಕಿದರೆ ಮೂರೇ ದಿನಕ್ಕೆ ಕೊಳವೆ ಒಳಗೆ ಕಪ್ಪು ಚುಕ್ಕೆ.

ಕೊನೆಯದಾಗಿ, ಅದು ನನಗೆ ಮಾಡಿದ ಉಪಕಾರ. ಡಿಸೆಂಬರ್‌ನ ಒಂದು ರಾತ್ರಿ ಟೆಂಟಿನೊಳಗೆ ತಲೆಯ ಹತ್ತಿರ ಇಟ್ಟುಕೊಂಡಿದ್ದೆ. ನಿದ್ದೆಯಲ್ಲಿ ಮೊಣಕೈ ವಾಲ್ವ್ ಮೇಲೆ ಬಿತ್ತು. ಎಚ್ಚರ ಆದಾಗ ಸ್ಲೀಪಿಂಗ್ ಬ್ಯಾಗಿನ ಅರ್ಧ ಒದ್ದೆ, ಹೊರಗೆ 6 ಡಿಗ್ರಿ. ಉಳಿದ ರಾತ್ರಿ ಇದ್ದ ಬಟ್ಟೆ ಎಲ್ಲ ಹಾಕಿಕೊಂಡು ಕೂತೆ. ಮರುಭೂಮಿಯಲ್ಲಿ ನೀರು ಜಾಸ್ತಿಯಾಗಿ ಒದ್ದಾಡಿದವನು ನಾನೊಬ್ಬನೇ ಇರಬೇಕು ಅಂತ ಭಾವ ಈಗಲೂ ಆಡಿಕೊಳ್ಳುತ್ತಾರೆ.

ಭಾವನದು ಬಾಟಲಿ ಪಕ್ಷ. ಫ್ರೇಮಿಗೆ ಮೂರು ಹೋಲ್ಡರ್, ಮುಂದಿನ ಫೋರ್ಕಿಗೆ ಬೆಲ್ಟ್ ಸುತ್ತಿ ಇನ್ನೆರಡು. ಬಾಟಲಿ ಎಂಥದ್ದು? ಅಂಗಡಿಯಲ್ಲಿ 20 ರೂಪಾಯಿಗೆ ಸಿಗುವ 1 ಲೀಟರಿನ ನೀರಿನ ಬಾಟಲಿಯೇ. ಒಡೆದರೆ, ಕಳೆದರೆ ಮುಂದಿನ ಊರಿನಲ್ಲಿ ಇನ್ನೊಂದು. ಎಷ್ಟು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಭಾರ ಸೈಕಲ್ ಹೊರುತ್ತದೆ, ನಾವಲ್ಲ. ಕೆಳಗಿನ ಪೈಪಿನ ಅಡಿಯ ಬಾಟಲಿಗೆ ಮಾತ್ರ ಚಕ್ರ ಹಾರಿಸಿದ ಧೂಳು, ಒಂಟೆ ಲದ್ದಿ, ದನದ ಸಗಣಿ ಎಲ್ಲ ಅಂಟುತ್ತದೆ. ಅದರ ನೀರು ಕೈಕಾಲಿಗೆ ಮಾತ್ರ ಅಂತ ಕಟ್ಟುನಿಟ್ಟು ಮಾಡಿಕೊಂಡೆವು.

ಮೂರನೆಯದು ಛಾಗಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದಪ್ಪ ಕ್ಯಾನ್‌ವಾಸ್ ಬಟ್ಟೆಯ ನೀರಿನ ಚೀಲ, ಮೂಲೆಯಲ್ಲಿ ಮುಚ್ಚಳ, ಮೇಲೆ ಹಗ್ಗದ ಹಿಡಿ. ಅಲ್ಲಿ ಜೀಪಿನ ಮುಂದೆ, ಲಾರಿಯ ಪಕ್ಕದಲ್ಲಿ, ಟ್ರ್ಯಾಕ್ಟರಿಗೆ ನೇತುಹಾಕುವುದುಂಟು. ನಮ್ಮ ಕಡೆಯೂ ಹಳೇ ಲಾರಿಗಳಲ್ಲಿ ಇತ್ತು ಅಂತ ಅಪ್ಪ ಹೇಳುತ್ತಿದ್ದರು. ಭಾವ ಎರಡನೇ ಸಲ ಬಿಕಾನೇರ್ ಪೇಟೆಯಲ್ಲಿ 5 ಲೀಟರಿನದ್ದು ಕೊಂಡರು. ಅಂಗಡಿಯವನು ರಾತ್ರಿಯಿಡೀ ನೀರಿನಲ್ಲಿ ನೆನೆಸಿಡಿ ಅಂದ. ನೆನೆಸಿದರೆ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ಹನಿ ಬೀಳುವುದು ನಿಂತು, ಬರೀ ಮೈ ತೇವವಾಗಿರುತ್ತದೆ. ಆ ತೇವ ಒಣಗಾಳಿಗೆ ಆರುವಾಗ ಒಳಗಿನ ಶಾಖ ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ಕೆಲಸವೇ, ಆದರೆ ಒಡೆಯದ ಹೂಜಿ.

ಪೋಖರಣ್ ದಾಟಿದ ಮೇಲೆ ಒಂದು ಮಧ್ಯಾಹ್ನ ಭಾವ ಸೈಕಲ್ ನಿಲ್ಲಿಸಿ ಪ್ರಯೋಗ ಶುರುಮಾಡಿದರು. ನೆರಳಿನಲ್ಲಿ ಗಾಳಿ 39 ಡಿಗ್ರಿ. ಬಿಸಿಲಿಗೆ ತೆರೆದಿದ್ದ ಬಾಟಲಿಯ ನೀರು 42. ಛಾಗಲ್ ನೀರು 26. "ನೋಡು ಮಾರಾಯ, 16 ಡಿಗ್ರಿ ವ್ಯತ್ಯಾಸ! ಕರೆಂಟಿಲ್ಲ, ಐಸಿಲ್ಲ" ಅಂತ ರಸ್ತೆ ಬದಿಯಲ್ಲಿ ನಿಂತು ಕುಣಿಯುವುದೊಂದು ಬಾಕಿ. ಕುರಿ ಕಾಯುವ ಮುದುಕರೊಬ್ಬರು ಇದನ್ನೆಲ್ಲ ನೋಡುತ್ತಾ ನಿಂತಿದ್ದರು. ಅವರ ಹೆಗಲಿನಲ್ಲೂ ಒದ್ದೆ ಬಟ್ಟೆ ಸುತ್ತಿದ ಕ್ಯಾನ್ ಇತ್ತು.

ಅವರ ಆ ಕ್ಯಾನೇ ನಮ್ಮ ಕಣ್ಣು ತೆರೆಸಿದ್ದು. ಯಾಕಂದರೆ ಛಾಗಲ್‌ಗೂ ಅದರದ್ದೇ ಕಾಟ ಇದೆ. ತಣ್ಣಗಾಗುವುದು ನೀರು ಆರುವುದರಿಂದ ತಾನೆ? ಬೆಳಿಗ್ಗೆ ತುಂಬಿದ 5 ಲೀಟರಿನಲ್ಲಿ ಸಂಜೆಗೆ ಮುಕ್ಕಾಲು ಲೀಟರಿನಷ್ಟು ಯಾರೂ ಕುಡಿಯದೆ ಖಾಲಿ. ಮೊದಲ ಎರಡು ದಿನ ನೀರಿಗೆ ಗೋಣಿಚೀಲದ ವಾಸನೆ. ಕ್ಯಾರಿಯರ್ ಹಿಂದೆ ನೇತುಹಾಕಿದರೆ ಗಡಿಯಾರದ ಲೋಲಕದ ಹಾಗೆ ತೂಗುತ್ತದೆ, ಇಳಿಜಾರಿನಲ್ಲಿ ಸೈಕಲ್ ಬಾಲ ಆಡಿಸುತ್ತದೆ.

ಮುದುಕರ ಕ್ಯಾನ್ ನೋಡಿ ನಾನು ನನ್ನ ಹಳೇ ಹತ್ತಿ ಕಾಲುಚೀಲ ತೆಗೆದು ಬಾಟಲಿಗೆ ಹಾಕಿ, ಮೇಲೆ ಒಂದು ಲೋಟ ನೀರು ಹೊಯ್ದೆ. ಅರ್ಧ ಗಂಟೆ ತುಳಿದ ಮೇಲೆ ಭಾವ ಅಳೆದರು. 29. ಛಾಗಲ್‌ಗಿಂತ ಬರೀ 3 ಡಿಗ್ರಿ ಜಾಸ್ತಿ, ಹಾಳಾಗುವುದು ಮೇಲೆ ಹೊಯ್ದಷ್ಟೇ ನೀರು. ಅದಕ್ಕೆ ಆ ಸಗಣಿ ಬಾಟಲಿಯ ನೀರೇ ಸಾಕು. ಅಲ್ಲಿಂದ ಬಾರ್ಮೇರ್‌ವರೆಗೆ ನಮ್ಮ ಎಲ್ಲ ಬಾಟಲಿಗಳೂ ಕಾಲುಚೀಲ ಹಾಕಿಕೊಂಡೇ ಬಂದವು. ನೋಡಲು ಚೆನ್ನಾಗಿಲ್ಲ, ಒಪ್ಪುತ್ತೇನೆ. ಆದರೆ 42 ಡಿಗ್ರಿಯ ನೀರು ಎಷ್ಟು ಕುಡಿದರೂ ಇಳಿಯುವುದಿಲ್ಲ. ಬಾಯಾರಿಕೆ ಇದ್ದರೂ ಎರಡು ಗುಟುಕಿಗೆ ಸಾಕು ಅನಿಸುತ್ತದೆ. ಬಾಟಲಿ ತುಂಬಾ ನೀರಿಟ್ಟುಕೊಂಡೇ ಜನ ಒಣಗಿ ಬೀಳುವುದು ಹೀಗೆ. ಡಿಸೆಂಬರ್‌ನಲ್ಲಿ ಛಾಗಲ್ಲೂ ಬೇಡ, ಕಾಲುಚೀಲವೂ ಬೇಡ. ಬೆಳಗಿನ ನೀರು ಹಲ್ಲು ಜುಮ್ ಅನ್ನಿಸುವಷ್ಟು ತಣ್ಣಗಿರುತ್ತದೆ.

ನಾಲ್ಕನೆಯದು ರಾತ್ರಿಗೆ ಮಾತ್ರ. ಮೊದಲ ಸಲ ಢಾಬಾದಲ್ಲಿ ಪುಕ್ಕಟೆ ಸಿಕ್ಕ 5 ಲೀಟರಿನ ಎಣ್ಣೆ ಕ್ಯಾನ್ ಕಟ್ಟಿಕೊಂಡು ಹೋದೆವು. ಎಷ್ಟು ತೊಳೆದರೂ ಚಹಾದ ಮೇಲೆ ಎಣ್ಣೆ ತೇಲುತ್ತಿತ್ತು, ಖಾಲಿಯಾದರೂ ಅಷ್ಟೇ ಜಾಗ ತಿನ್ನುತ್ತಿತ್ತು. ಎರಡನೇ ಸಲ ಮಡಚುವ 10 ಲೀಟರಿನ ನೀರಿನ ಚೀಲ ಒಯ್ದೆವು. ಹಗಲು ಸುತ್ತಿಟ್ಟರೆ ಒಂದು ಅಂಗಿಯಷ್ಟು ಜಾಗ. ಇಲ್ಲಿ ಹೋಲಿಸುವುದಕ್ಕೇ ಏನೂ ಇಲ್ಲ, ಚೀಲವೇ ಸರಿ.

ಒಟ್ಟು ಕುಡಿದದ್ದೆಷ್ಟು ಅಂದರೆ, ತಲೆಗೆ ದಿನಕ್ಕೆ ಡಿಸೆಂಬರ್‌ನಲ್ಲಿ 4 ಲೀಟರ್, ಮಾರ್ಚ್‌ನಲ್ಲಿ 9ರ ಆಸುಪಾಸು. ಇದು ನಮ್ಮಿಬ್ಬರ ಮೈ ಲೆಕ್ಕ, ನಿಮ್ಮದು ಬೇರೆ ಇರುತ್ತದೆ. ಮೂತ್ರದ ಬಣ್ಣ ನೋಡಿಕೊಳ್ಳಿ, ಅದಕ್ಕಿಂತ ಒಳ್ಳೆಯ ಮೀಟರ್ ಇಲ್ಲ.

ಎಲ್ಲಿಯ ನೀರು

ಮಲೆನಾಡಿನವನಿಗೆ ನೀರಿಗೂ ರುಚಿ ಇರುತ್ತೆ ಅಂತ ಗೊತ್ತಾಗಿದ್ದು ಅಲ್ಲೇ.

ಅರವಟ್ಟಿಗೆಗೆ ಅವರು ಪ್ಯಾವು ಅನ್ನುತ್ತಾರೆ. ರಸ್ತೆ ಬದಿಯ ಪುಟ್ಟ ಕಟ್ಟೆ, ಒಳಗೆ ಸಾಲು ಮಡಕೆ. ತೀರಿಹೋದವರ ಹೆಸರಿನಲ್ಲಿ ಮನೆಯವರು ಕಟ್ಟಿಸಿದ್ದು ಜಾಸ್ತಿ. ಅರವಟ್ಟಿಗೆ ಅನ್ನುವ ಪದ ನಮ್ಮಲ್ಲಿ ಈಗ ರಾಮನವಮಿಯ ಪಾನಕಕ್ಕೆ ಮಾತ್ರ ಉಳಿದುಕೊಂಡಿದೆ, ಅಲ್ವಾ? ಅಲ್ಲಿ ಅದು ದಿನಾ ಬೇಕಾದದ್ದು. ಒಂದು ಕಡೆ ಅಜ್ಜನೊಬ್ಬ ಉದ್ದ ಮೂತಿಯ ಪಾತ್ರೆಯಿಂದ ಬೊಗಸೆಗೆ ನೀರು ಬಿಟ್ಟ. ಸಾಕು ಅಂತ ತಲೆ ಎತ್ತುವವರೆಗೆ ಬಿಡುತ್ತಲೇ ಇದ್ದ.

ಊರುಗಳಲ್ಲಿ ಆರ್‌ಒ ನೀರಿನ ಕ್ಯಾನ್ ಸಿಗುತ್ತದೆ. ಅದಕ್ಕೆ ಅಲ್ಲಿ 'ಕ್ಯಾಂಪರ್' ಅಂತಲೇ ಹೆಸರು. ಕೋಲಾಯತ್‌ನಲ್ಲಿ ನಾನು "ನಾವು ಕ್ಯಾಂಪರ್ಸ್" ಅಂತ ಪರಿಚಯ ಹೇಳಿದಾಗ ಅಂಗಡಿಯವ ಎಷ್ಟು ಬೇಕು ಅಂತ ಕೇಳಿದ. ನಾವು ಕುಡಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕ್ಯಾಂಪರ್ ನೀರೇ. ಹೊಟ್ಟೆಗೆ ತೊಂದರೆ ಇಲ್ಲ, 5 ಲೀಟರಿಗೆ ಕೆಲವರು ದುಡ್ಡೇ ತಗೊಳ್ಳಲಿಲ್ಲ.

ಕೊಳವೆಬಾವಿ ನೀರಿನ ವಿಷಯದಲ್ಲಿ ಹುಷಾರು. ಪಶ್ಚಿಮ ರಾಜಸ್ಥಾನದ ಅಂತರ್ಜಲದಲ್ಲಿ ಉಪ್ಪು ಜಾಸ್ತಿ, ಎಷ್ಟೋ ಕಡೆ ಫ್ಲೋರೈಡೂ ಇದೆ. ನಾನು ಒಯ್ದಿದ್ದ ಹಿಂಡುವ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ನೀರಿನಲ್ಲಿ ಕರಗಿದ ಉಪ್ಪನ್ನಲ್ಲ. ಅಷ್ಟು ದುಡ್ಡು ಕೊಟ್ಟಿದ್ದೇನೆ, ಎಲ್ಲ ತೆಗೆಯುತ್ತದೆ ಅಂತ ನಂಬಿಕೆ ನನ್ನದು. ಫಲೋದಿಗೆ ಮುಂಚೆ ಒಂದು ಬೋರ್‌ವೆಲ್ ನೀರು ಸೋಸಿ ಇಬ್ಬರೂ ಕುಡಿದೆವು. ನನಗೆ ಬರೀ ಬಾಯಿ ಸಪ್ಪರಿಸುವಂತಾಯಿತು. ಭಾವ ಮರುದಿನ ಬೆಳಿಗ್ಗೆ 11ರವರೆಗೆ ಸೈಕಲ್ ಹತ್ತಲಿಲ್ಲ. ಪೋಖರಣ್ ಆಚೆ ಲಾಠಿ, ಚಾಂದನ್ ಸುತ್ತ ಮಾತ್ರ ಬೇರೆ ಕಥೆ. ಅಲ್ಲಿ ನೆಲದಡಿಯ ಮರಳುಗಲ್ಲಿನ ಪದರದಲ್ಲಿ ಸಿಹಿನೀರು ಇದೆ.

ಇಂದಿರಾ ಗಾಂಧಿ ಕಾಲುವೆಯ ಕವಲಿನ ನೀರನ್ನೂ ನೋಡಿದೆವು. ಪಂಜಾಬಿನ ಹರಿಕೆ ಬ್ಯಾರೇಜಿನಿಂದ ಇಲ್ಲಿವರೆಗೆ ಬಂದ ನೀರು. ಮರಳಿನ ನಡುವೆ ತುಂಬಿ ಹರಿಯುವುದನ್ನು ನೋಡಿದಾಗ ನನಗೆ ಸುಮ್ನೆ ಮನೆ ನೆನಪಾಯಿತು. ಕುಡಿಯಲು ಹೋದರೆ ಬೂದು ಬಣ್ಣ. ಫಿಲ್ಟರ್ ಎರಡು ಲೀಟರಿಗೇ ಕಟ್ಟಿಕೊಂಡಿತು. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾದರೆ ಈಜುಕೊಳದ ವಾಸನೆ, ಅದೂ ಕೆಸರು ನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೊನೆಗೆ ಪಟಿಕದ ತುಂಡು ಆಡಿಸಿ, ಒಂದು ಗಂಟೆ ಬಿಟ್ಟು, ಮೇಲಿನ ತಿಳಿ ತೆಗೆದು ಮಾತ್ರೆ ಹಾಕಿದೆವು. ಫಿಲ್ಟರೋ ಮಾತ್ರೆಯೋ ಅಂದರೆ ನನ್ನ ಓಟು ಮಾತ್ರೆಗೆ. ಇಡೀ ಪಟ್ಟಿ ಅಂಗಿ ಜೇಬಿಗೆ ಹಿಡಿಯುತ್ತದೆ. ಫಿಲ್ಟರ್ ಒಳಗಿನ ಸಣ್ಣ ಕೊಳವೆಗಳು ಒಮ್ಮೆ ಹೆಪ್ಪುಗಟ್ಟಿದರೆ ಸೀಳಿಹೋಗುತ್ತವೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಅದಕ್ಕೇ ಚಳಿರಾತ್ರಿ ಅದನ್ನು ಮಗುವಿನ ಹಾಗೆ ಪಕ್ಕದಲ್ಲಿ ಮಲಗಿಸಿಕೊಳ್ಳಬೇಕು.

ಎಲ್ಲಕ್ಕಿಂತ ರುಚಿ ಟಾಂಕಾ ನೀರು. ಮನೆಯ ಮುಂದೆ ನೆಲದೊಳಗಿನ ತೊಟ್ಟಿ, ಸುತ್ತ ಗಟ್ಟಿ ಮಾಡಿದ ಇಳಿಜಾರು ಅಂಗಳ. ಆ ಅಂಗಳಕ್ಕೆ ಆಗೋರ್ ಅನ್ನುತ್ತಾರೆ. ಅದರ ಮೇಲೆ ಬಿದ್ದ ಮಳೆಯೆಲ್ಲ ತೂತಿನಿಂದ ತೊಟ್ಟಿಗೆ. ಬಾಪ್ ದಾಟಿದ ಮೇಲೆ ಒಂದು ಢಾಣಿಯಲ್ಲಿ, ಅಂದರೆ ಎರಡು ಮೂರು ಮನೆಯ ಹಟ್ಟಿಯಲ್ಲಿ, ನೀರು ಕೇಳಿದೆವು. ನಾನು ಬಾಟಲಿ ಹಿಡಿದು ನೇರ ತೊಟ್ಟಿಯ ಕಡೆ ನಡೆದೆ. "ಚಪ್ಪಲಿ!" ಅಂತ ಮನೆಯಾಕೆ ಕೂಗಿದರು. ಕುಡಿಯುವ ನೀರು ಹರಿದುಬರುವ ನೆಲದ ಮೇಲೆ ನಾನು ಶೂ ಹಾಕಿಕೊಂಡು ನಿಂತಿದ್ದೆ. ಹಿಂದೆ ಸರಿದು ಕೈಮುಗಿದೆ. ಅವರು ಬರಿಗಾಲಲ್ಲಿ ಹೋಗಿ, ಸಣ್ಣ ಮುಚ್ಚಳ ಸರಿಸಿ, ಬಕೆಟ್ ಬಿಟ್ಟು ಎತ್ತಿ, ಬಿಳಿ ಬಟ್ಟೆಯಲ್ಲಿ ಸೋಸಿ ಕೊಟ್ಟರು. ನಮ್ಮನೆ ಮಾಡಿನ ನೀರಿನದ್ದೇ ರುಚಿ. ಎರಡು ಬಾಟಲಿ ತುಂಬಿದ ಮೇಲೆ ಸಾಕು ಅಂದೆವು. ಮುಂದಿನ ಮಳೆವರೆಗೆ ಅವರು ಕಾಪಾಡಿಕೊಳ್ಳಬೇಕಾದ ನೀರು ಅದು. ನಮ್ಮ ಹವ್ಯಾಸಕ್ಕೆ ಅದರಲ್ಲಿ 10 ಲೀಟರ್ ಕೇಳುವುದು ಸರಿಯಲ್ಲ.

ಬರೀ ನೀರು, ಓಆರ್‌ಎಸ್, ಮಜ್ಜಿಗೆ

ಎರಡನೇ ಪ್ರವಾಸದ ಎರಡನೇ ದಿನ ಬರೀ ನೀರೇ ಕುಡಿದೆ. ಸಂಜೆಗೆ ತಲೆನೋವು, ಮೀನಖಂಡ ಹಿಡಿದುಕೊಂಡಿತು. ಅಂಗಿಯ ಮೇಲೆ ಬಿಳೀ ಉಪ್ಪಿನ ಗೆರೆ. ಬೆವರಿನಲ್ಲಿ ಅಷ್ಟು ಉಪ್ಪು ಹೋಗುತ್ತಿರುವಾಗ ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ. ಅದು ಅತಿಯಾದರೆ ಜೀವಕ್ಕೇ ಕುತ್ತು.

1 ಲೀಟರಿಗೆ ಕಲಸುವ ಓಆರ್‌ಎಸ್ ಪೊಟ್ಟಣ ಕೆಲಸ ಮಾಡುತ್ತದೆ, ಎರಡು ಮಾತಿಲ್ಲ. ಆದರೆ ಬಿಸಿ ಓಆರ್‌ಎಸ್ ಕುಡಿಯುವುದು ಶಿಕ್ಷೆ. ಪೊಟ್ಟಣ ಮುಗಿದಾಗ ಲೀಟರಿಗೆ ಮಟ್ಟವಾದ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಮೇಲೆ ನಿಂಬೆ ಹಿಂಡಿಕೊಂಡೆವು. ತಂಪು ಪಾನೀಯದ ಬಾಟಲಿ ಬಾಯಿಗೆ ಖುಷಿ, ಅರ್ಧ ಗಂಟೆಯಲ್ಲಿ ಮತ್ತೆ ಬಾಯಾರಿಕೆ.

ಗೆದ್ದದ್ದು ಮಜ್ಜಿಗೆ. ಅವರ ಛಾಛ್. ಉಪ್ಪು, ಹುರಿದ ಜೀರಿಗೆ, ಉದ್ದದ ಲೋಟ. ಜೊತೆಗೆ ಸಜ್ಜೆ ರೊಟ್ಟಿ, ಕೇರ್-ಸಾಂಗ್ರಿ ಪಲ್ಯ. ಸಾಂಗ್ರಿ ಅಂದರೆ ಖೇಜ್ರಿ ಮರದ ಕಾಯಿ, ಖೇಜ್ರಿ ಅಂದರೆ ನಮ್ಮ ಬನ್ನಿ ಮರ. ದಸರಾಕ್ಕೆ ನಾವು ಎಲೆ ಹಂಚುವ ಮರದ ಕಾಯಿಯನ್ನು ಅವರು ಒಣಗಿಸಿ ವರ್ಷಪೂರ್ತಿ ತಿನ್ನುತ್ತಾರೆ. ಮಧ್ಯಾಹ್ನ 12ರಿಂದ 4ರವರೆಗೆ ಹೇಗೂ ತುಳಿಯುವ ಹಾಗಿಲ್ಲ. ಆ ಹೊತ್ತಿನಲ್ಲಿ ಢಾಬಾದ ನೆರಳಲ್ಲಿ ಮೂರು ಲೋಟ ಮಜ್ಜಿಗೆ ಇಳಿಸಿದ ದಿನ ಸಂಜೆ ಕಾಲು ಹಿಡಿಯಲಿಲ್ಲ.

ರಾತ್ರಿ

ಜೋಲಿ ಒಯ್ದಿದ್ದೆ ಅಂತ ಹೇಳಲು ನಾಚಿಕೆಯಾಗುತ್ತದೆ. ಮಲೆನಾಡಿನ ತಲೆ! ಎರಡು ಮರ ಎಲ್ಲಾದರೂ ಸಿಗುತ್ತೆ ಅಂದುಕೊಂಡೆ. ಬನ್ನಿ ಮರಗಳು ಒಂದಕ್ಕೊಂದು ಮಾತು ಬಿಟ್ಟವರ ಹಾಗೆ ದೂರ ದೂರ ನಿಂತಿದ್ದವು. ಅದೂ ಚಳಿಗಾಲದಲ್ಲಿ ಮೇವಿಗೆ ಕೊಂಬೆ ಸವರಿ ಬೋಳು. ಜೋಲಿ ಬಿಚ್ಚಲೇ ಇಲ್ಲ.

ಮೊದಲ ಸಲದ ಟೆಂಟ್ ಹಗುರ, 1.3 ಕೆಜಿ. ಆದರೆ ಗೂಟ ಹೊಡೆದು ಎಳೆದು ಕಟ್ಟಿದರೆ ಮಾತ್ರ ನಿಲ್ಲುವ ಜಾತಿ. ಮರಳಿನಲ್ಲಿ ಗೂಟ ಅಂದರೆ ಪಾಯಸದಲ್ಲಿ ಚಮಚ ನಿಲ್ಲಿಸಿದ ಹಾಗೆ. ಸಮ್ ಹತ್ತಿರ ಗಾಳಿ ಎದ್ದಾಗ ನಾಲ್ಕೂ ಗೂಟ ಒಟ್ಟಿಗೆ ಕಿತ್ತುಬಂದವು. ಆಮೇಲೆ ದಿನಸಿ ಕೈಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದಾಳ ಹೂತು, ಮೇಲೆ ತುಳಿದು ಎಳೆದರೆ ಗಟ್ಟಿ ನಿಂತಿತು. ಉಪಾಯ ಒಳ್ಳೆಯದೇ. ಆದರೆ 90 ಕಿಲೋಮೀಟರ್ ತುಳಿದು ಬಂದು ಕತ್ತಲಲ್ಲಿ ಆರು ಗುಂಡಿ ತೋಡುವುದಕ್ಕೆ 45 ನಿಮಿಷ.

ಎರಡನೇ ಸಲ ತಾನಾಗಿ ನಿಲ್ಲುವ ಗುಮ್ಮಟದಂಥ ಟೆಂಟ್. 2.4 ಕೆಜಿ. ಒಳಗೆ ಬ್ಯಾಗುಗಳನ್ನು ಎಸೆದರೆ ಅದೇ ಭಾರ, ಗಾಳಿಗೆ ಎರಡು ಮರಳಿನ ಚೀಲ ಸಾಕು. ಮಾರ್ಚ್‌ನಲ್ಲಿ ಹೊರಗಿನ ಹೊದಿಕೆ ಬಿಟ್ಟು ಬರೀ ಬಲೆಯ ಒಳಗೂಡು ಹಾಕಿದರೆ ನಕ್ಷತ್ರವೂ ಕಾಣುತ್ತದೆ, ಚೇಳು ಒಳಗೂ ಬರುವುದಿಲ್ಲ. ಬಲೆ ಅಂದರೆ ನುಣ್ಣನೆ ಮರಳು ಸೋಸುವ ಜರಡಿ ಅನ್ನುವುದು ಬೆಳಿಗ್ಗೆ ಕಿವಿಯೊಳಗೆ ಗೊತ್ತಾಗುತ್ತದೆ. ಆದರೂ ಒಂದು ಕೆಜಿ ಜಾಸ್ತಿ ಹೊತ್ತದ್ದಕ್ಕೆ ನನಗೆ ಬೇಜಾರಿಲ್ಲ. ಎಲ್ಲಿ ಹಾಕಬೇಕು ಅಂದರೆ, ದಿಬ್ಬದ ತುದಿಯಲ್ಲಿ ಗಾಳಿ, ತೀರಾ ತಗ್ಗಿನಲ್ಲಿ ಚಳಿ ಇಳಿದು ನಿಲ್ಲುತ್ತದೆ, ಇಬ್ಬನಿಯೂ ಅಲ್ಲೇ. ನಡುವಿನ ಗಟ್ಟಿ ನೆಲ ಹುಡುಕಿ, ಹತ್ತಿರದ ಢಾಣಿಯವರಿಗೆ ಹೇಳಿ ಹಾಕಿ. ಪೋಖರಣ್ ದಾಟಿದ ಮೇಲೆ ಸೇನೆಯ ಫೈರಿಂಗ್ ರೇಂಜ್ ಇದೆ, ರಸ್ತೆ ಬಿಟ್ಟು ಇಳಿಯಲೇಬೇಡಿ. ಗಡಿ ಕಡೆಯೂ ಹಾಗೇ.

ಹಾಸಿಗೆ ವಿಷಯದಲ್ಲಿ ಭಾವ ಸೋತರು. ಅವರದ್ದು ಗಾಳಿ ತುಂಬುವ ಹಾಸಿಗೆ, ಮುಷ್ಟಿಯಷ್ಟು ಸುತ್ತಿಡಬಹುದು. ನನ್ನದು ಹಳೇ ಫೋಮ್ ಚಾಪೆ, ಕ್ಯಾರಿಯರ್ ಮೇಲೆ ಸಿಲಿಂಡರ್ ಹಾಗೆ ಎದ್ದು ಕಾಣುತ್ತದೆ. ಅಲ್ಲಿ ಭುರಟ್ ಅಂತ ಒಂದು ಹುಲ್ಲು. ಅದರ ಬೀಜಕ್ಕೆ ಸುತ್ತಲೂ ಕೊಕ್ಕೆ ಮುಳ್ಳು. ಬಟ್ಟೆಗೆ, ಕಾಲುಚೀಲಕ್ಕೆ, ಒಂಟೆ ಬಾಲಕ್ಕೆ, ಎಲ್ಲದಕ್ಕೂ ಅಂಟುತ್ತದೆ. ಮೊದಲ ರಾತ್ರಿಯೇ ಭಾವನ ಕಾಲುಚೀಲದ ಜೊತೆ ಒಂದು ಒಳಗೆ ಬಂತು. ರಾತ್ರಿ 2 ಗಂಟೆಗೆ ಅವರ ಬೆನ್ನು ನೆಲ ಮುಟ್ಟಿತು. ಮರಳು ಹಗಲು ಎಷ್ಟು ಸುಡುತ್ತದೋ ರಾತ್ರಿ ಅಷ್ಟೇ ತಣ್ಣಗೆ. ಮಾರನೇ ದಿನ ಹಾಸಿಗೆಯನ್ನು ಬಕೆಟಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕಿ ತೇಪೆ ಹಾಕಿದರು. ಆ ರಾತ್ರಿ ಇನ್ನೊಂದು ತೂತು. ಟೈರಿಗೆ ನೆಗ್ಗಿಲು ಮುಳ್ಳು ಬೇರೆ. ಟ್ಯೂಬಿನೊಳಗೆ ಪಂಕ್ಚರ್ ದ್ರವ ಹಾಕಿಸಿಕೊಂಡು ಹೋಗಿ, ಇಲ್ಲದಿದ್ದರೆ ಕುಡಿಯುವ ನೀರಿನಲ್ಲೇ ತೂತು ಹುಡುಕಬೇಕಾಗುತ್ತದೆ.

ಇನ್ನು ಹೊರಸು. ಢಾಬಾದ ಮುಂದೆ ಸಾಲಾಗಿ ಹಾಕಿರುವ ಹಗ್ಗದ ಮಂಚ. ಊಟ ಮಾಡಿದರೆ ಮಲಗಲು ಕೆಲವು ಕಡೆ ಪುಕ್ಕಟೆ, ಕೆಲವು ಕಡೆ 50-100 ರೂಪಾಯಿ. ನೆಲದಿಂದ ಎರಡಡಿ ಮೇಲೆ, ಚೇಳಿನ ಭಯ ಕಡಿಮೆ, ಗುಂಡಿ ತೋಡುವ ಕೆಲಸವಿಲ್ಲ. ಪಕ್ಕದಲ್ಲೇ ನೀರಿನ ತೊಟ್ಟಿ, ಚಾರ್ಜಿಂಗ್, ಬೆಳಿಗ್ಗೆ 5ಕ್ಕೆ ಚಹಾ. ಕಷ್ಟ ಅಂದರೆ ರಾತ್ರಿಯಿಡೀ ಲಾರಿ ಹಾರ್ನ್, ಮುಖದ ಮೇಲೆ ಟ್ಯೂಬ್‌ಲೈಟ್, ಲಾರಿ ಡ್ರೈವರ್‌ಗಳ ಮೂರು ತಲೆಮಾರಿನ ಬೆವರು ಕುಡಿದ ರಜಾಯಿ. ಡಿಸೆಂಬರ್‌ನಲ್ಲಿ ಹಗ್ಗದ ಕೆಳಗಿನಿಂದ ಚಳಿ ನುಗ್ಗುತ್ತದೆ. ನನ್ನ ಫೋಮ್ ಚಾಪೆ ಹೊರಸಿನ ಮೇಲೂ ಕೆಲಸಕ್ಕೆ ಬಂತು.

ರಾಮದೇವ್ರಾದಲ್ಲಿ ಬಾಬಾ ರಾಮದೇವರ ಗುಡಿ ಇದೆ. ಯೋಗ ಹೇಳಿಕೊಡುವವರಲ್ಲ, ಅಲ್ಲಿನ ಜನಪದ ದೇವರು. ಯಾತ್ರಿಕರಿಗಾಗಿ ಧರ್ಮಶಾಲೆಗಳು ಬೇಕಾದಷ್ಟು. ಭಾದ್ರಪದದ ಜಾತ್ರೆ ಬಿಟ್ಟು ಬೇರೆ ಸಮಯದಲ್ಲಿ ಹೋದರೆ ರೂಮು ಸುಲಭ, ನಲ್ಲಿಯಲ್ಲಿ ನೀರು. ಅಮ್ಮನ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ಸಮ್‌ನ ಟೂರಿಸ್ಟ್ ಟೆಂಟುಗಳ ಬಗ್ಗೆ ಒಂದೇ ವಾಕ್ಯ: ದುಬಾರಿ, ಮತ್ತು ಮರಳಿನ ಮೌನ ಕೇಳಲು ಹೋದವರಿಗೆ ಡಿಜೆ ಕೇಳಿಸುತ್ತಾರೆ.

ಹಾಗಾದರೆ ಟೆಂಟೋ ಹೊರಸೋ? ಮೊದಲ ಸಲ ಎಂಟು ರಾತ್ರಿಯಲ್ಲಿ ಐದು ಟೆಂಟಿನಲ್ಲಿ ಕಳೆದೆವು, ಹಟಕ್ಕೆ ಬಿದ್ದು. ಎರಡನೇ ಸಲ ಹತ್ತು ರಾತ್ರಿಯಲ್ಲಿ ಮೂರೇ. ಆದರೆ ಆ ಮೂರನ್ನು ಆರಿಸಿ ಹಾಕಿದೆವು. ಕೊನೆಯ ಹಳ್ಳಿಯಿಂದ 5 ಕಿಲೋಮೀಟರಿನೊಳಗೆ, ಚೀಲದಲ್ಲಿ 6 ಲೀಟರ್ ತುಂಬಿಕೊಂಡು. ರಾತ್ರಿ ಅನ್ನಕ್ಕೆ, ಚಹಾಕ್ಕೆ ಒಂದೂವರೆ, ಕುಡಿಯಲು ಎರಡೂವರೆ, ಬೆಳಿಗ್ಗೆಗೆ ಒಂದೂವರೆ, ಕೈ ತಪ್ಪಿ ಚೆಲ್ಲಲು ಅರ್ಧ. ಪಾತ್ರೆ ತೊಳೆಯಲು ಸೊನ್ನೆ. ಅಲ್ಲಿನವರು ಮಾಡುವ ಹಾಗೆ ಒಣ ಮರಳಲ್ಲಿ ಉಜ್ಜಿ ಕೊಡವಿದರೆ ತಟ್ಟೆ ಕನ್ನಡಿ. 6 ಕೆಜಿಯನ್ನು 5 ಕಿಲೋಮೀಟರ್ ಹೊರುವುದು ಕಷ್ಟವಲ್ಲ. ಮೊದಲ ಸಲ ಅದನ್ನೇ ಮಧ್ಯಾಹ್ನದಿಂದ 40 ಕಿಲೋಮೀಟರ್ ಹೊತ್ತಿದ್ದೆವು. ಎಲ್ಲಿ ಮಲಗುತ್ತೇವೆ ಅಂತ ಆಗ ನಮಗೇ ಗೊತ್ತಿರಲಿಲ್ಲ.

ಛಾಗಲ್ ಮನೆಗೆ ತಂದೆವು. ಜೂನ್‌ನಲ್ಲಿ ಭಾವ ಬಂದಾಗ ಅದನ್ನು ನೆನೆಸಿ, ತುಂಬಿ, ನಮ್ಮ ಜಗಲಿಯ ಕಂಬಕ್ಕೆ ನೇತುಹಾಕಿದರು. ಹೊರಗೆ ಜಡಿಮಳೆ. ಗಂಟೆ ಬಿಟ್ಟು ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ ಗಾಳಿಯೂ 23, ನೀರೂ 23. "ಇಲ್ಲಿ ಗಾಳಿಗೇ ನೀರು ಬೇಡವಾಗಿದೆ ಮಾರಾಯ" ಅಂದರು. ವಾರ ಬಿಟ್ಟು ನೋಡಿದಾಗ ಬಟ್ಟೆಯ ಮೇಲೆ ಹಸಿರು ಬೂಷ್ಟು. ಅಮ್ಮ ಅದನ್ನು ಬಿಸಾಡಲು ತೆಗೆದಿಟ್ಟಿದ್ದರು. ನಾನು ತೊಳೆದು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಹಾಕಿದ್ದೇನೆ.